ತಿಂಗಳ ಸಂಬಳ ಬಿಟ್ಟು ಬರುವ ಮಕ್ಕಳಿಗೆ ನಾವೇನು ಹೇಳಬೇಕು?



ಹೋದ ತಿಂಗಳು ಮಾಗಡಿ ಕಡೆಯ ಹಿರಿಯ ಸದಸ್ಯರೊಬ್ಬರು ಮಗನನ್ನು ಕರೆದುಕೊಂಡು ಸಂಘದ ಕಚೇರಿಗೆ ಬಂದಿದ್ದರು. ಹುಡುಗನಿಗೆ ಬಿಡದಿ ಕಡೆಯ ಕಾರ್ಖಾನೆಯೊಂದರಲ್ಲಿ ಎಂಟು ವರ್ಷದ ಕೆಲಸ. ಅದನ್ನು ಬಿಟ್ಟು, ಗೊನೆ ಇಳಿಸುವ ಕಾರ್ಬನ್ ಫೈಬರ್ ದೋಟಿ, ಔಷಧಿ ಸಿಂಪಡಿಸುವ ಯಂತ್ರ, ಅಡಿಕೆ ಸುಲಿಯುವ ಯಂತ್ರ ಇವನ್ನು ಕೊಂಡು, ಇಬ್ಬರು ಜೊತೆಗಾರರೊಡನೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ತೋಟಗಳಿಗೆ ಹೋಗಿ ದರ ಮಾತಾಡಿಕೊಂಡು ಕೆಲಸ ಮಾಡಬೇಕೆಂಬುದು ಅವನ ಇಚ್ಛೆ. ಸಾಲದ ಭದ್ರತೆಗೆಂದು ತಂದೆಯವರು ಒಂದೂವರೆ ಎಕರೆ ಅಡಿಕೆ ತೋಟದ ಪತ್ರಗಳನ್ನು ಚೀಲದಲ್ಲಿ ತಂದಿದ್ದರು. "ಸೆಕ್ರೆಟರಿಗಳೇ, ನೀವು ಓದಿದವರು. ಇವನು ಮಾಡ್ತಿರೋದು ಸರಿಯೋ ತಪ್ಪೋ ನೀವೇ ಹೇಳಿ" ಎಂದರು. ನಾವು ಅರ್ಜಿಯನ್ನು ತೆಗೆದಿಟ್ಟುಕೊಂಡು "ನೋಡೋಣ" ಎಂದು ಕಳುಹಿಸಿಕೊಟ್ಟೆವು.

ಆ "ನೋಡೋಣ" ಎಂಬ ಮಾತು ಅಂದಿನಿಂದ ನಮ್ಮನ್ನು ಕಾಡುತ್ತಿದೆ. ಇದು ಒಂದು ಮನೆಯ ಪ್ರಶ್ನೆಯಲ್ಲ. ಬಿಡದಿ, ಹಾರೋಹಳ್ಳಿಯ ಕೈಗಾರಿಕಾ ಪ್ರದೇಶಗಳು ಬೆಳೆದ ಮೇಲೆ ನಮ್ಮ ಸದಸ್ಯರ ಮಕ್ಕಳು ಬಹಳ ಮಂದಿ ತಿಂಗಳ ಸಂಬಳಕ್ಕೆ ಹೋದರು. ಈಗ ಅವರಲ್ಲಿ ಕೆಲವರು ಅದನ್ನು ಬಿಟ್ಟು ಸ್ವಂತ ಕಸುಬಿಗೆ ಇಳಿಯುತ್ತಿದ್ದಾರೆ. ಒಬ್ಬ ಮಣ್ಣು ಅಗೆಯುವ ಯಂತ್ರ ಕೊಳ್ಳುತ್ತಾನೆ, ಒಬ್ಬ ಮೋಟಾರು ರಿಪೇರಿಗೆ ನಿಲ್ಲುತ್ತಾನೆ, ಒಬ್ಬ ಬೆಂಗಳೂರಿನಲ್ಲಿ ಫೋನಿನ ಮೂಲಕ ಬರುವ ಬಾಡಿಗೆ ಓಡಿಸುತ್ತಾನೆ, ಮತ್ತೊಬ್ಬ ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಹತ್ತು ಕಡೆಯ ಕೆಲಸ ಮಾಡಿಕೊಡುತ್ತಾನೆ. ಬಂಡವಾಳಕ್ಕೆ ಮಾತ್ರ ಎಲ್ಲರ ಕಣ್ಣೂ ಅಪ್ಪನ ತೋಟದ ಮೇಲೆಯೇ. ಆದ್ದರಿಂದ ನಮ್ಮ ಉತ್ತರವನ್ನು ಇಲ್ಲಿ ಬಹಿರಂಗವಾಗಿಯೇ ಬರೆಯುವುದು ಲೇಸೆಂದು ತೋರಿತು.

ಸಂಬಳ ಬಿಟ್ಟು ಬದುಕುವುದೆಂದರೇನು ಎಂದು ಬೆಳೆಗಾರರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ನಮಗೆ ಒಂದನೇ ತಾರೀಖು ಎಂಬುದಿಲ್ಲ, ಫಸಲು ಎಂಬುದಷ್ಟೇ ಉಂಟು. ಕಾಫಿ ಬೆಳೆಗಾರರಂತೂ ಈ ದಾಟನ್ನು ಕಣ್ಣಾರೆ ಕಂಡವರು. 1940ರ ದಶಕದಿಂದ ಬೆಳೆಗಾರನು ತನ್ನ ಕಾಫಿಯನ್ನು ಮಂಡಳಿಯ ಪೂಲಿಗೆ ಒಪ್ಪಿಸಬೇಕಾಗಿತ್ತು. ಹಣವು ಕಂತುಕಂತಾಗಿ ಬರುತ್ತಿತ್ತು. ತಡವೆಂಬ ಗೊಣಗಾಟವಿದ್ದರೂ ಬರುವುದು ಖಚಿತವಿತ್ತು. 1990ರ ದಶಕದ ಆದಿಯಿಂದ ಹಂತಹಂತವಾಗಿ ಆ ಕಟ್ಟು ಸಡಿಲಗೊಂಡು, 1996ರಲ್ಲಿ ಬೆಳೆಗಾರನು ತನ್ನ ಕಾಫಿಯನ್ನು ಯಾರಿಗೆ ಬೇಕಾದರೂ ಮಾರುವ ಪೂರ್ಣ ಸ್ವಾತಂತ್ರ್ಯ ಪಡೆದನು. 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಧಾರಣೆ ಏರಿದ್ದ ಕಾಲವದು. ಸ್ವಾತಂತ್ರ್ಯವೇ ಬೆಲೆ ತಂದಿತೆಂದು ಅನೇಕರು ನಂಬಿ, ಮನೆ ಕಟ್ಟಿದರು, ಜೀಪು ಕೊಂಡರು, ತೋಟದ ಮೇಲೆ ಸಾಲವನ್ನೂ ಮಾಡಿದರು. 2001-02ರ ಹೊತ್ತಿಗೆ ಪ್ರಪಂಚದ ಪೇಟೆಯಲ್ಲಿ ಕಾಫಿಯ ಬೆಲೆ ದಶಕಗಳಲ್ಲಿ ಕಾಣದಷ್ಟು ಕೆಳಕ್ಕೆ ಬಿತ್ತು. ಆಗ ಉಳಿದುಕೊಂಡವರು ಯಾರೆಂದರೆ, ಒಳ್ಳೆಯ ವರ್ಷದ ಹಣವನ್ನು ಕೆಟ್ಟ ವರ್ಷಕ್ಕೆಂದು ಎತ್ತಿಟ್ಟವರು. ಸಂಬಳ ಬಿಡುವ ಹುಡುಗನಿಗೆ ನಮ್ಮ ಮೊದಲ ಮಾತು ಇದೇ: ಸ್ವಾತಂತ್ರ್ಯದ ಮೊದಲ ವರ್ಷದ ಲೆಕ್ಕವನ್ನು ನಂಬಬೇಡ.

ಎರಡನೆಯ ಮಾತು ಗಿರಾಕಿಯದು. ರಾಮನಗರದ ಗೂಡಿನ ಮಾರುಕಟ್ಟೆಯನ್ನು ನೋಡಿ. ರೇಷ್ಮೆ ಬೆಳೆಗಾರನು ಗೂಡು ತಂದು ಸುರಿದರೆ ಹತ್ತಾರು ಮಂದಿ ರೀಲರುಗಳು ಹರಾಜು ಕೂಗುತ್ತಾರೆ. ಒಬ್ಬನು ಕಡಿಮೆ ಕೇಳಿದರೆ ಇನ್ನೊಬ್ಬನಿದ್ದಾನೆ. ಹರಾಜಿನ ಕಟ್ಟೆ ಇಲ್ಲದೆ, ಒಬ್ಬನೇ ರೀಲರು ಊರಿಗೆ ಬಂದು ಗೂಡು ಕೊಳ್ಳುತ್ತಿದ್ದರೆ ಬೆಳೆಗಾರನ ಗತಿ ಏನಾಗುತ್ತಿತ್ತೆಂದು ಹೇಳಬೇಕಾಗಿಲ್ಲ. ಚನ್ನಪಟ್ಟಣದಲ್ಲಿ ಮನೆಯಲ್ಲೇ ಹಾಲೆ ಮರದ ಗೊಂಬೆ ಕಡೆದು ಅರಗಿನ ಬಣ್ಣ ಹಚ್ಚುವವರ ಕೈಯಲ್ಲಿ ಇರುವ ಕಸುಬು ಲೋಕಪ್ರಸಿದ್ಧ. ಆದರೂ ಒಬ್ಬನೇ ವ್ಯಾಪಾರಿಯ ಮುಂಗಡಕ್ಕೆ ಬಿದ್ದವನು, ಡಜನ್ನಿಗೆ ಇಷ್ಟು ಎಂದು ಅವನು ಹೇಳಿದ ದರಕ್ಕೇ ಕಡೆಯಬೇಕು. ಅಂಥವನನ್ನು ಸ್ವತಂತ್ರನೆಂದು ಕರೆಯುವುದು ಹೇಗೆ? ಒಬ್ಬನೇ ಗಿರಾಕಿ ಇರುವವನು ಸಂಬಳವಿಲ್ಲದ ನೌಕರ, ಅಷ್ಟೇ.

ಗಿರಾಕಿ ಹಲವರಿದ್ದರೂ ಅವರು ಬರುವ ದಾರಿ ಒಂದೇ ಆಗಿದ್ದರೆ ಅದೂ ಅಪಾಯವೇ. 2023ರಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಊರುಗಳನ್ನು ಬಳಸಿಕೊಂಡು ಹೋಯಿತು. ಹಳೆಯ ರಸ್ತೆಯ ಬದಿಯ ಗೊಂಬೆ ಅಂಗಡಿಗಳ ಮುಂದೆ ನಿಲ್ಲುತ್ತಿದ್ದ ಕಾರುಗಳು ಕಡಿಮೆಯಾದವು. ಆ ಅಂಗಡಿಯವರನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ, ಯಾರೂ ನೋಟೀಸು ಕೊಡಲಿಲ್ಲ. ರಸ್ತೆ ಜರುಗಿತು, ವ್ಯಾಪಾರವೂ ಜರುಗಿತು. ಸ್ವಂತ ಕಸುಬಿನಲ್ಲಿ ಕಷ್ಟ ಬರುವ ರೀತಿಯೇ ಇದು. ಯಾರ ಮೇಲೆ ದೂರು ಕೊಡಬೇಕೆಂಬುದೂ ತಿಳಿಯುವುದಿಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ಉದಾಹರಣೆಗೆ, ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 20,000 ರೂಪಾಯಿ ಎಂದೂ, ಪೂರ್ಣ ವೇತನದ ಮೇಲೆ ಪಿ.ಎಫ್. ಕಟ್ಟುವ ಕಾರ್ಖಾನೆ ಎಂದೂ ಇಟ್ಟುಕೊಳ್ಳಿ. ಪಿ.ಎಫ್.ಗೆ ಶೇಕಡ 12ರಂತೆ 2,400, ಇ.ಎಸ್.ಐ.ಗೆ 150 ರೂಪಾಯಿ ಕಳೆದು ಹುಡುಗನ ಕೈಗೆ ಬರುವುದು 17,450. ಅವನು "ನನ್ನ ದುಡಿಮೆಗೆ ಹದಿನೇಳು ಸಾವಿರ" ಎಂದುಕೊಳ್ಳುತ್ತಾನೆ. ಆದರೆ ಮಾಲೀಕನು ತನ್ನ ಪಾಲಿನಿಂದ ಪಿ.ಎಫ್.ಗೆ 2,400, ಇ.ಎಸ್.ಐ.ಗೆ 650 ಕಟ್ಟುತ್ತಾನೆ. ಗ್ರಾಚ್ಯುಟಿಯ ಬಾಬ್ತು ತಿಂಗಳಿಗೆ ಸುಮಾರು 960 ಬೀಳುತ್ತದೆ. ಅಂದರೆ ನಿಜವಾದ ದುಡಿಮೆ 24,010 ರೂಪಾಯಿ, ವರ್ಷಕ್ಕೆ 2,88,120. ಸಂಬಳ ಸಹಿತ ರಜೆ, ಬಸ್ಸು, ಕ್ಯಾಂಟೀನಿನ ಊಟ ಇದರಲ್ಲಿ ಸೇರಿಲ್ಲ.

ಅದೇ ಹುಡುಗ ತೋಟದ ಕೆಲಸದಲ್ಲಿ ಖರ್ಚು ಕಳೆದು ದಿನಕ್ಕೆ 1,200 ಉಳಿಸುತ್ತಾನೆನ್ನೋಣ. ತಿಂಗಳಿಗೆ 25 ದಿನವೆಂದು ಮನಸ್ಸಿನಲ್ಲಿ ಗುಣಿಸಿ 30,000 ಎಂದು ಹಿಗ್ಗುತ್ತಾನೆ. ಆದರೆ ಅಡಿಕೆ ಕೊಯ್ಲು ವರ್ಷವೆಲ್ಲ ಇರುವುದಿಲ್ಲ. ಮಳೆ ಬಂದ ದಿನ, ಜ್ವರ ಬಂದ ದಿನ, ಯಂತ್ರ ಕೆಟ್ಟ ದಿನ, ಹಬ್ಬ, ಮದುವೆ, ತಿಥಿ ಎಲ್ಲವೂ ಅವನ ಲೆಕ್ಕಕ್ಕೇ. ವರ್ಷಕ್ಕೆ 160 ದಿನ ಕೆಲಸ ಸಿಕ್ಕರೆ 1,92,000, ತಿಂಗಳಿಗೆ 16,000. ಕಾರ್ಖಾನೆಗೆ ಸರಿಗಟ್ಟಬೇಕಾದರೆ 240 ದಿನ ಕೆಲಸ ಬೇಕು. ಆದುದರಿಂದ ದಿನದ ದರ ಎಷ್ಟೆಂದು ಕೇಳುವುದಕ್ಕಿಂತ ವರ್ಷಕ್ಕೆ ಎಷ್ಟು ದಿನವೆಂದು ಕೇಳುವುದೇ ಮುಖ್ಯ.

ಇಷ್ಟು ಹೇಳಿದ ಮಾತ್ರಕ್ಕೆ ನಾವು "ಸುಮ್ಮನೆ ಕಾರ್ಖಾನೆಯಲ್ಲೇ ಇರು" ಎಂದು ಹೇಳುವವರಲ್ಲ. ಗುತ್ತಿಗೆಯ ಮೇಲೆ ಇರುವವರಿಗೆ ಅಲ್ಲಿಯೂ ನಾಳೆಯ ಭರವಸೆಯಿಲ್ಲ. ರಾತ್ರಿ ಪಾಳಿಯಲ್ಲಿ ಸವೆದ ಹುಡುಗ ಊರಿಗೆ ಬಂದು, ಸಂಜೆ ಸ್ವಂತ ತೋಟಕ್ಕೆ ನೀರು ಕಟ್ಟಿ, ತಂದೆತಾಯಿಯ ಜೊತೆ ಉಣ್ಣುವುದಕ್ಕೆ ಒಂದು ಬೆಲೆ ಉಂಟು. ಅಲ್ಲದೆ ಮರ ಹತ್ತುವವರು ಸಿಗದೆ ಗೊನೆ ಮರದಲ್ಲೇ ಹಣ್ಣಾಗುತ್ತಿರುವ ಈ ಕಾಲದಲ್ಲಿ ಇಂಥ ಹುಡುಗರು ನಮಗೇ ಬೇಕು. ಬರಲಿ, ಆದರೆ ಈ ಕೆಲವು ಕಟ್ಟುಪಾಡುಗಳನ್ನು ಇಟ್ಟುಕೊಂಡು ಬರಲಿ.

ಒಂದು, ಕೆಲಸದಲ್ಲಿ ಇರುವಾಗಲೇ ರಜೆಯ ದಿನಗಳಲ್ಲಿ ಒಂದು ಪೂರ್ತಿ ಕೊಯ್ಲಿನ ಕಾಲ ಈ ಕಸುಬು ಮಾಡಿ ನೋಡಲಿ. ಎರಡು, ಮುಂದಿನ ಫಸಲಿನವರೆಗೆ ಮನೆ ನಡೆಯುವಷ್ಟು ಹಣ ಬೇರೆಯಾಗಿರಲಿ. ಮೂರು, ಕೆಲಸ ಕೊಡುವವರು ಕಡಿಮೆಯೆಂದರೆ ಹತ್ತು ತೋಟದವರಾದರೂ ಇರಲಿ, ಕೊಯ್ಲಿಲ್ಲದ ತಿಂಗಳಿಗೆ ಇನ್ನೊಂದು ಕೆಲಸ ಗೊತ್ತಿರಲಿ. ನಾಲ್ಕು, ಪಿ.ಎಫ್. ಹಣಕ್ಕೆ ಕೈ ಹಾಕದಿರಲಿ. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಎಂಟು ವರ್ಷಕ್ಕೆ ಬಿಟ್ಟವನು ಪಿಂಚಣಿ ಭಾಗವನ್ನು ತೆಗೆದುಕೊಳ್ಳದೆ ಸ್ಕೀಂ ಸರ್ಟಿಫಿಕೇಟ್ ಪಡೆದಿಟ್ಟರೆ, ಮುಂದೆಂದಾದರೂ ಮತ್ತೆ ಪಿ.ಎಫ್. ಇರುವ ಕೆಲಸಕ್ಕೆ ಸೇರಿದಾಗ ಆ ಎಂಟು ವರ್ಷ ಲೆಕ್ಕಕ್ಕೆ ಬರುತ್ತದೆ. ಐದು, ತೋಟವನ್ನು ಒತ್ತೆ ಇಡದಿರಲಿ. ಯಂತ್ರ ಕೆಟ್ಟರೆ ಯಂತ್ರ ಹೋಗಲಿ. ಅಜ್ಜ ನೆಟ್ಟ ತೋಟ ಏಕೆ ಹೋಗಬೇಕು?

ಇನ್ನು ನಮ್ಮ ಕಡೆಗೆ ತಿರುಗೋಣ. ಈ ಹುಡುಗರಿಗೆ ಕೆಲಸ ಕೊಡುವವರು ಯಾರು? ನಾವೇ. ಹಣವನ್ನು ತಡಮಾಡುವವರು ಯಾರು? ಅದೂ ನಾವೇ. "ಅಡಿಕೆ ಮಾರಿದ ಮೇಲೆ ಕೊಡ್ತೀನಿ ಬಾರಪ್ಪ" ಎಂದು ಹೇಳದ ಸದಸ್ಯರು ನಮ್ಮಲ್ಲಿ ಎಷ್ಟು ಮಂದಿ? ನಮ್ಮ ಮಗ ಕಾರ್ಖಾನೆಯಲ್ಲಿದ್ದಾಗ ಪಿ.ಎಫ್. ಇದೆಯೇ, ಇ.ಎಸ್.ಐ. ಇದೆಯೇ ಎಂದು ವಿಚಾರಿಸುವ ನಾವು, ಇನ್ನೊಬ್ಬರ ಮಗ ನಮ್ಮ ಅಡಿಕೆ ಮರದ ತುದಿಯಲ್ಲಿರುವಾಗ ಅವನಿಗೆ ಏನಿದೆಯೆಂದು ಒಮ್ಮೆಯಾದರೂ ಕೇಳಿದ್ದೇವೆಯೇ?

ಸರ್ಕಾರವು 2025ರಲ್ಲಿ ಪ್ಲಾಟ್‌ಫಾರಂ ಆಧಾರಿತ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆಂದು ಕರ್ನಾಟಕದಲ್ಲಿ ಕಾಯಿದೆ ಮಾಡಿದೆ. ಫೋನಿನ ಮೂಲಕ ಬಾಡಿಗೆ, ಊಟ, ಸಾಮಾನು ಸಾಗಿಸುವ ಕಂಪನಿಗಳು ಪ್ರತಿ ವ್ಯವಹಾರಕ್ಕೆ ಶೇಕಡ 1ರಿಂದ 5ರವರೆಗೆ ಕ್ಷೇಮ ಶುಲ್ಕ ಕಟ್ಟಬೇಕೆಂಬ ನಿಯಮ ಅದರಲ್ಲಿದೆ. ಒಳ್ಳೆಯ ಕಾನೂನೇ. ಆದರೆ ಬೆಳಗ್ಗೆ ನಾವು ಫೋನು ಮಾಡಿ ಕರೆದ ಹುಡುಗನಿಗೆ ಅದು ತಲುಪುವುದಿಲ್ಲ. ಅವನಿಗೂ ನಮಗೂ ನಡುವೆ ಕಂಪನಿ ಯಾವುದೂ ಇಲ್ಲ. ಆ ಜಾಗದಲ್ಲಿ ಸಂಘ ನಿಲ್ಲಬೇಕು ಎಂಬುದೇ ನಮ್ಮ ಅಭಿಪ್ರಾಯ.

ಇದು ಹೊಸ ಕಲ್ಪನೆಯೇನಲ್ಲ. 1970ರ ದಶಕದ ಆರಂಭದಲ್ಲಿ ಅಡಿಕೆ ಧಾರಣೆ ಕುಸಿದು ಬೆಳೆಗಾರ ಕಂಗಾಲಾದಾಗ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರ ಜುಲೈ 11ರಂದು ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ಒಬ್ಬೊಬ್ಬನೇ ಮೂಟೆ ಹೊತ್ತು ಹೋಗುತ್ತಿದ್ದ ಬೆಳೆಗಾರನಿಗೆ ಬೆನ್ನಿಗೊಂದು ಸಂಸ್ಥೆ ಸಿಕ್ಕಿತು. ಹನಿಗೂಡಿದರೆ ಹಳ್ಳ ಎಂಬ ಮಾತು ಅಡಿಕೆ ಮಾರುವವನಿಗೆ ಸಲ್ಲುವುದಾದರೆ, ಅಡಿಕೆ ಕೊಯ್ಯುವವನಿಗೂ ಸಲ್ಲಬೇಕು.

ಆದ್ದರಿಂದ ಮುಂದಿನ ಸರ್ವಸದಸ್ಯರ ಸಭೆಯ ಮುಂದೆ ನಾವು ನಾಲ್ಕು ಸಲಹೆಗಳನ್ನು ಇಡಲಿದ್ದೇವೆ. ತೋಟದ ಕೆಲಸಕ್ಕೆ ಬರುವ ಸ್ವತಂತ್ರ ಕೆಲಸಗಾರರ ಹೆಸರು, ಕೆಲಸ, ದರ ಬರೆದ ಒಂದು ಪುಸ್ತಕವನ್ನು ಸಂಘ ಇಡಬೇಕು. ಕೆಲಸ ಮುಗಿದ ಎಂಟು ದಿನದೊಳಗೆ ಹಣ ಕೊಡುವುದಾಗಿ ಸದಸ್ಯರು ಒಪ್ಪಬೇಕು. ಅಪಘಾತ ವಿಮೆ ಇಲ್ಲದವರನ್ನು ಮರ ಹತ್ತಿಸಬಾರದು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ 18ರಿಂದ 70 ವಯಸ್ಸಿನವರಿಗೆ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ರಕ್ಷಣೆಯಿದೆ, ಆ ಇಪ್ಪತ್ತು ರೂಪಾಯಿ ಸಂಘಕ್ಕೆ ಹೊರೆಯಲ್ಲ. ಕೊನೆಯದಾಗಿ, ಅರ್ಹರಾದವರನ್ನು ಸದಸ್ಯರನ್ನಾಗಿ ಮಾಡಿಕೊಂಡು ಯಶಸ್ವಿನಿ ಯೋಜನೆಗೆ ಸೇರಿಸಬೇಕು. 2018ರಲ್ಲಿ ನಿಂತು, 2022-23ರಲ್ಲಿ ಮತ್ತೆ ಆರಂಭವಾದ ಈ ಯೋಜನೆಯಲ್ಲಿ ಗ್ರಾಮೀಣ ಸಹಕಾರಿ ಸದಸ್ಯರ ನಾಲ್ವರ ಕುಟುಂಬಕ್ಕೆ 500 ರೂಪಾಯಿ ವಂತಿಗೆಗೆ ವರ್ಷದಲ್ಲಿ 5 ಲಕ್ಷದವರೆಗೆ ಚಿಕಿತ್ಸೆ ಇರಿಸಲಾಗಿದೆ. ಇ.ಎಸ್.ಐ. ಕಳೆದುಕೊಂಡು ಬರುವ ಹುಡುಗನ ಹೆಂಡತಿ ಮಕ್ಕಳಿಗೆ ಇದು ದೊಡ್ಡ ಆಸರೆ.

ಮಾಗಡಿಯ ಆ ಅರ್ಜಿ ಈ ತಿಂಗಳು ಆಡಳಿತ ಮಂಡಳಿಯ ಮುಂದೆ ಬರಲಿದೆ. ಐದು ವರ್ಷ ಮೀರಿ ದುಡಿದವನಿಗೆ ಪ್ರತಿ ವರ್ಷಕ್ಕೆ 15 ದಿನದ ವೇತನದಂತೆ ಗ್ರಾಚ್ಯುಟಿ ಸಿಗುತ್ತದೆ. ಮೇಲಿನ ಉದಾಹರಣೆಯ ವೇತನವೇ ಅವನದೂ ಆಗಿದ್ದರೆ ಎಂಟು ವರ್ಷಕ್ಕೆ ಸುಮಾರು 92,300 ರೂಪಾಯಿ. ದೋಟಿಗೆ ಅದು ಮೊದಲ ಬಂಡವಾಳವಾಗಲಿ. ಸುಲಿಯುವ ಯಂತ್ರವನ್ನು ಎರಡನೇ ವರ್ಷಕ್ಕೆ ಇಟ್ಟುಕೊಳ್ಳಲಿ. ಉಳಿದದ್ದಕ್ಕೆ ಯಂತ್ರದ ಮೇಲೆಯೇ ಸಂಘ ಸಾಲ ಕೊಡಲಿ ಎಂಬುದು ನಮ್ಮ ಶಿಫಾರಸು. ತೋಟದ ಪತ್ರಗಳನ್ನು ಆ ಹಿರಿಯರು ಮನೆಗೆ ಹಿಂದಕ್ಕೆ ಒಯ್ಯಲಿ.

ಹುಡುಗ ನಿಮ್ಮ ತೋಟಕ್ಕೆ ಬಂದಾಗ ದರ ಚೌಕಾಸಿ ಮಾಡಿ, ಅದು ನಿಮ್ಮ ಹಕ್ಕು. ಆದರೆ ಗೊನೆ ಇಳಿದ ಸಂಜೆ ಹಣ ಎಣಿಸಿ ಕೊಟ್ಟು ಕಳುಹಿಸಿ. ತಿಂಗಳ ಸಂಬಳ ಬಿಟ್ಟು ಬಂದವನಿಗೆ ಆ ಸಂಜೆಯೇ ಒಂದನೇ ತಾರೀಖು.