ಮಿಯಾಸಿಸ್ ಪಾಠ ಎಲ್ಲಿಂದ ಮೊದಲಾಗಬೇಕು?

ಲೆಪ್ಟೊಟೀನ್, ಝೈಗೊಟೀನ್, ಪ್ಯಾಕಿಟೀನ್, ಡಿಪ್ಲೊಟೀನ್, ಡಯಾಕೈನೆಸಿಸ್—ಪರೀಕ್ಷೆಯ ಹಿಂದಿನ ರಾತ್ರಿ ಈ ಐದು ಹೆಸರುಗಳನ್ನು ಜಪಿಸದ ಜೀವಶಾಸ್ತ್ರದ ವಿದ್ಯಾರ್ಥಿ ವಿರಳ. ಲಿಂಗಕೋಶಗಳನ್ನು ಉಂಟುಮಾಡುವ ವಿಭಜನೆ, ಎಂದರೆ ಮಿಯಾಸಿಸ್, ನಮ್ಮ ತರಗತಿಗಳಲ್ಲಿ ಹೆಚ್ಚಾಗಿ ಈ ಹೆಸರುಗಳಿಂದಲೇ ಮೊದಲಾಗುತ್ತದೆ; ಹಲವೆಡೆ ಅಲ್ಲಿಯೇ ಮುಗಿದೂ ಹೋಗುತ್ತದೆ. ಇದು ತಲೆಕೆಳಗಾದ ಕ್ರಮವೆಂದು ನಮ್ಮ ಅಭಿಪ್ರಾಯ. ಹೆಸರುಗಳು ಬೇಡವೆಂದಲ್ಲ, ಅವು ಯಾವ ಪ್ರಶ್ನೆಯ ಬೆನ್ನಟ್ಟಿ ಬಂದುವೋ ಆ ಪ್ರಶ್ನೆ ಮೊದಲು ಬರಬೇಕು.

ಪ್ರಶ್ನೆ ಸರಳವಾದುದು. ಮನುಷ್ಯನ ದೇಹದ ಜೀವಕೋಶದಲ್ಲಿ ಸಾಮಾನ್ಯವಾಗಿ 46 ವರ್ಣತಂತುಗಳಿವೆ. ತಂದೆಯಿಂದ 46, ತಾಯಿಯಿಂದ 46 ಬಂದು ಸೇರಿದರೆ ಮಗುವಿಗೆ 92 ಆಗಬೇಕು, ಮೊಮ್ಮಗುವಿಗೆ 184. ಹತ್ತು ತಲೆಮಾರು ಕಳೆಯುವಷ್ಟರಲ್ಲಿ ಸಂಖ್ಯೆ 47,104ಕ್ಕೆ ಏರಬೇಕು. ಏರುವುದಿಲ್ಲವಷ್ಟೆ. ಏಕೆ?

1883ರಲ್ಲಿ ಬೆಲ್ಜಿಯಮಿನ ವಾನ್ ಬೆನೆಡೆನ್ನರು ಕುದುರೆಯ ಕರುಳಿನಲ್ಲಿ ವಾಸಿಸುವ ದುಂಡುಹುಳುವನ್ನು ಪರೀಕ್ಷಿಸಿ, ಅಂಡಾಣುವಿನ ಎರಡು ಮತ್ತು ವೀರ್ಯಾಣುವಿನ ಎರಡು ವರ್ಣತಂತುಗಳು ಕೂಡಿ ನಾಲ್ಕಾಗುವುದನ್ನು ಕಂಡರು. 1887ರಲ್ಲಿ ಜರ್ಮನಿಯ ವೈಸ್‌ಮನ್ನರು, ಲಿಂಗಕೋಶಗಳು ಪಕ್ವವಾಗುವಾಗ ಈ ಸಂಖ್ಯೆಯನ್ನು ಅರ್ಧಕ್ಕಿಳಿಸುವ ವಿಶೇಷ ವಿಭಜನೆಯೊಂದು ನಡೆಯಲೇಬೇಕೆಂದು ವಾದಿಸಿದರು. ಕಣ್ಣಿನ ಬೇನೆಯಿಂದ ಸೂಕ್ಷ್ಮದರ್ಶಕದ ಕೆಲಸವನ್ನು ಬಹುಮಟ್ಟಿಗೆ ತೊರೆಯಬೇಕಾಗಿ ಬಂದಿದ್ದವರು ಅವರು! ಉಪಕರಣಗಳಿಲ್ಲವೆಂದು ಕೊರಗುವ ನಮ್ಮ ಸಣ್ಣ ಊರುಗಳ ಕಾಲೇಜುಗಳು ಇದನ್ನು ನೆನೆಯಬೇಕು. ಎರಡು ಬಣ್ಣದ ನೂಲಿನ ತುಂಡುಗಳಿದ್ದರೆ ಸಾಕು, ಮೇಜಿನ ಮೇಲೆಯೇ ಈ ವಿಭಜನೆಯನ್ನು ಮಾಡಿ ತೋರಿಸಬಹುದು.

ವಿಭಜನೆಗೆ ಮುನ್ನವೇ ಪ್ರತಿ ವರ್ಣತಂತುವೂ ಎರಡೆಳೆಯದಾಗಿರುತ್ತದೆ. ಬಳಿಕ ತಂದೆಯ ಕಡೆಯದು ತಾಯಿಯ ಕಡೆಯ ತನ್ನ ಸರಿಜೋಡಿಯನ್ನು ಕೂಡಿ, ಅದರೊಡನೆ ತುಣುಕುಗಳನ್ನು ವಿನಿಮಯ ಮಾಡಿಕೊಳ್ಳುತ್ತದೆ. ಮೊದಲ ವಿಭಜನೆಯಲ್ಲಿ ಜೋಡಿಗಳು ಅಗಲುತ್ತವೆ, ಎರಡನೆಯದರಲ್ಲಿ ಎಳೆಗಳು. ಯಾವ ಜೋಡಿಯಲ್ಲಿ ಯಾವುದು ಯಾವ ಕಡೆಗೆ ಹೋಗುವುದೆಂಬುದಕ್ಕೆ ನಿಯಮವಿಲ್ಲ. ತುಣುಕುಗಳ ವಿನಿಮಯವನ್ನು ಲೆಕ್ಕಕ್ಕೆ ಹಿಡಿಯದಿದ್ದರೂ 23 ಜೋಡಿಗಳಿಂದ 83,88,608 ಬಗೆಯ ಲಿಂಗಕೋಶಗಳು ಸಾಧ್ಯ. ಒಡಹುಟ್ಟಿದವರು ಒಬ್ಬರಂತೊಬ್ಬರು ಇರದಿರುವುದರಲ್ಲಿ ಸೋಜಿಗವೇನು?

ಇಷ್ಟು ತಿಳಿದ ವಿದ್ಯಾರ್ಥಿಗೆ ಕೇಳಬೇಕಾದ ಪ್ರಶ್ನೆಗಳೇ ಬೇರೆ. ಕಾಡುಬಾಳೆಯ ಹಣ್ಣಿನಲ್ಲಿ ಗಟ್ಟಿ ಬೀಜಗಳಿರುತ್ತವೆ, ಪಚ್ಚಬಾಳೆಯಲ್ಲಿ ಇಲ್ಲವೇಕೆ? ಪಚ್ಚಬಾಳೆಯಲ್ಲಿ ಹನ್ನೊಂದರ ಮೂರು ತಂಡಗಳಾಗಿ 33 ವರ್ಣತಂತುಗಳಿವೆ. ಮೂರು ಸರಿಯಾಗಿ ಜೋಡಿಯಾಗಲಾರವು, ವಿಭಜನೆ ಕೆಡುತ್ತದೆ. ಅದು ಮುಖ್ಯ ಕಾರಣಗಳಲ್ಲೊಂದು.

ಇನ್ನೊಂದು ಪ್ರಶ್ನೆಯನ್ನಂತೂ ಬಿಡಲೇಕೂಡದು. ಅಂಡಾಣುಗಳೆಲ್ಲವೂ ಎಕ್ಸ್ ವರ್ಣತಂತುವನ್ನೇ ಹೊಂದಿರುತ್ತವೆ. ವೀರ್ಯಾಣುಗಳಲ್ಲಿ ಅರ್ಧದಷ್ಟಕ್ಕೆ ಎಕ್ಸ್, ಅರ್ಧದಷ್ಟಕ್ಕೆ ವೈ. ಅಮೆರಿಕದ ನೆಟ್ಟಿ ಸ್ಟೀವನ್ಸ್ ಎಂಬ ವಿದುಷಿ ಹಿಟ್ಟಿನ ಹುಳುವಿನಲ್ಲಿ ಇಂಥ ಭೇದವನ್ನು 1905ರಲ್ಲಿಯೇ ತೋರಿಸಿಕೊಟ್ಟರು. ಆದರೂ ಹೆಣ್ಣು ಹೆತ್ತಳೆಂದು ಸೊಸೆಯನ್ನು ಜರೆಯುವ ಮಾತು ಓದುಬಲ್ಲವರ ಮನೆಗಳಲ್ಲಿಯೂ ಇನ್ನೂ ನಿಂತಿಲ್ಲ. (ತಂದೆಯನ್ನು ದೂರುವುದೂ ಸಲ್ಲದು, ಯಾವ ವೀರ್ಯಾಣು ಕೂಡುವುದೆಂಬುದು ಅವನ ಕೈಯಲ್ಲಿಲ್ಲ.) ಐದು ಹೆಸರುಗಳಿಗೆ ಐದು ಅಂಕಗಳನ್ನು ಕೊಡುವ ಪರೀಕ್ಷಕರು, ಆ ಸೊಸೆಯ ಪರವಾಗಿ ಚಿತ್ರಸಹಿತ ವಾದ ಮಂಡಿಸಿರೆಂದು ಒಮ್ಮೆಯಾದರೂ ಕೇಳಬಾರದೇಕೆ?