ರಾಜನ ಕಿರೀಟ, ದಲ್ಲಾಳಿಯ ಗಂಟು

ಎಲ್ವಿಸ್ ಪ್ರೀಸ್ಲಿಯ ಹೆಸರೆತ್ತಿದರೆ ಸಾಕು, ಮರ್ಯಾದಸ್ಥರ ಬಾಯಿಂದ ಇಂದಿಗೂ ಹೊರಡುವ ಮೊದಲ ಮಾತು ಆತನ ಸೊಂಟದ್ದು. ಅಮೆರಿಕದ ಈ ರಾಕ್ ಅಂಡ್ ರೋಲ್ ಗಾಯಕ 1956ರಲ್ಲಿ ಟೆಲಿವಿಷನ್ನಿನಲ್ಲಿ ಸೊಂಟ ಕುಣಿಸಿದ. ಪಾದ್ರಿಗಳು ಶಪಿಸಿದರು, ಪತ್ರಿಕೆಗಳು ಛೀಮಾರಿ ಹಾಕಿದವು. 1957ರ ಜನವರಿಯಲ್ಲಿ ಎಡ್ ಸಲಿವನ್ನರ ಕಾರ್ಯಕ್ರಮದವರು ಆತನನ್ನು ಸೊಂಟದಿಂದ ಮೇಲಕ್ಕೆ ಮಾತ್ರ ತೋರಿಸಿ ಧರ್ಮವನ್ನು ಕಾಪಾಡಿದರು! ಇಷ್ಟು ಗದ್ದಲದ ನಡುವೆ ಆತನ ಜೇಬಿನಲ್ಲಿ ಯಾರ ಕೈ ಇತ್ತೆಂದು ಯಾರೂ ನೋಡಲಿಲ್ಲ. ಆತನ ಕೈ ಯಾರ ಜೇಬಿನಲ್ಲಿತ್ತೆಂದು ಕೇಳುವವರಂತೂ ಇರಲೇ ಇಲ್ಲ. ನಮಗೆ ಬೇಕಾದದ್ದು ಈ ಎರಡು ಜೇಬುಗಳ ಲೆಕ್ಕ.

ಆತ ನಮ್ಮ ನಿಮ್ಮಂಥವರ ಮನೆಯಲ್ಲೇ ಹುಟ್ಟಿದವನು. 1935ರ ಜನವರಿ 8ರಂದು, ಮಿಸಿಸಿಪಿ ಸೀಮೆಯ ಟುಪೆಲೊ ಊರಿನಲ್ಲಿ, ಎರಡೇ ಕೋಣೆಯ ಮರದ ಮನೆಯಲ್ಲಿ. ತಾಯಿ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ದುಡಿದವಳು. ತಂದೆ ಒಂದು ಹಂದಿ ಮಾರಿ ಬಂದ 4 ಡಾಲರಿನ ಚೆಕ್ಕನ್ನು ತಿದ್ದಿದನೆಂದು 1938ರಲ್ಲಿ ಮೂರು ವರ್ಷದ ಶಿಕ್ಷೆಯಾಗಿ ಪಾರ್ಚ್‌ಮನ್ ಜೈಲು ಸೇರಿದ. ನಾಲ್ಕು ಡಾಲರಿಗೆ ಮೂರು ವರ್ಷ! ಈ ದರವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಲಕ್ಷ ಲಕ್ಷಗಳನ್ನು ತಿದ್ದಿದವರಿಗೆ ಎಷ್ಟು ವರ್ಷ ಬಿತ್ತೆಂದು ನೋಡುವಾಗ ಬೇಕಾಗುತ್ತದೆ.

1948ರಲ್ಲಿ ಸಂಸಾರ ಮೆಂಫಿಸ್ ನಗರಕ್ಕೆ ಬಂತು, ಸರಕಾರಿ ಬಡಾವಣೆಯಲ್ಲಿ ಬಾಡಿಗೆಗಿತ್ತು. ಹುಡುಗ ಶಾಲೆ ಮುಗಿಸಿ ವಿದ್ಯುತ್ ಕೆಲಸದ ಕಂಪನಿಯೊಂದರಲ್ಲಿ ಲಾರಿ ಓಡಿಸಿದ. 1954ರ ಜುಲೈನಲ್ಲಿ ಸ್ಯಾಮ್ ಫಿಲಿಪ್ಸ್ ಎಂಬಾತನ ಸನ್ ಕಂಪನಿಯಲ್ಲಿ ‘ದಟ್ಸ್ ಆಲ್ ರೈಟ್’ ಹಾಡಿದ. ಮೆಂಫಿಸ್ ರೇಡಿಯೋದಲ್ಲಿ ಅದು ಬಂದ ರಾತ್ರಿ, ಯಾವ ಶಾಲೆಯಲ್ಲಿ ಓದಿದೆ ಎಂದು ಆತನನ್ನು ಬೇಕೆಂದೇ ಕೇಳಲಾಯಿತು. ಶಾಲೆಯ ಹೆಸರು ಕೇಳಿದರೆ ಹಾಡುತ್ತಿರುವವನು ಬಿಳಿಯನೆಂದು ಕೇಳುಗರಿಗೆ ಗೊತ್ತಾಗಲಿ ಎಂದು! ಕಪ್ಪು ಮಕ್ಕಳಿಗೊಂದು ಶಾಲೆ, ಬಿಳಿಯ ಮಕ್ಕಳಿಗೊಂದು ಶಾಲೆ ಇದ್ದ ಕಾಲ ಅದು.

ಆ ಹಾಡು ಆತನದಲ್ಲ. ಅದನ್ನು ಕಟ್ಟಿ 1946ರಲ್ಲಿ ಹಾಡಿದವನು ಆರ್ಥರ್ ಕ್ರೂಡಪ್, ಮಿಸಿಸಿಪಿಯ ಕಪ್ಪು ಕೂಲಿಕಾರ. ಅವನ ಹಾಡುಗಳ ಹಕ್ಕು ಒಬ್ಬ ದಲ್ಲಾಳಿಯ ಹಿಡಿತದಲ್ಲಿತ್ತು; ರಿಕಾರ್ಡುಗಳು ಮಾರಿದವು, ಹಾಡಿದವನು ಮತ್ತೆ ಕೂಲಿಗೆ ಹೋದ. ಕ್ರೂಡಪ್‌ನ ಆ ರಿಕಾರ್ಡನ್ನು ಮಾರಿದ ಕಂಪನಿ ಯಾವುದೆಂದು ಬಲ್ಲಿರಾ? ಆರ್.ಸಿ.ಎ. ವಿಕ್ಟರ್. 1955ರ ನವೆಂಬರಿನಲ್ಲಿ ಸನ್ ಕಂಪನಿಗೆ 35,000 ಡಾಲರ್ ಕೊಟ್ಟು ಪ್ರೀಸ್ಲಿಯ ಕರಾರನ್ನು ಕೊಂಡ ಕಂಪನಿಯೂ ಅದೇ. ಹಾಡಿದ ಕಪ್ಪು ಮನುಷ್ಯನಿಗೆ ಕೊಡಲು ಇಲ್ಲದ ಹಣ, ಅದೇ ಧಾಟಿ ಹಿಡಿದ ಬಿಳಿ ಹುಡುಗನನ್ನು ಕೊಳ್ಳಲು ಪೆಟ್ಟಿಗೆಯಲ್ಲಿತ್ತು! ಪ್ರೀಸ್ಲಿ ಕ್ರೂಡಪ್‌ನ ಹೆಸರನ್ನು ಮುಚ್ಚಿಡಲಿಲ್ಲ, 1956ರಲ್ಲೇ ಪತ್ರಿಕೆಯವರ ಮುಂದೆ ಹೊಗಳಿದ. ಸರಿ. ಹೊಗಳಿಕೆಯನ್ನು ಒಲೆಯ ಮೇಲಿಟ್ಟರೆ ಗಂಜಿ ಬೇಯುವುದಿಲ್ಲ. ಬಾಕಿ ರಾಯಲ್ಟಿಗಾಗಿ ವರ್ಷಗಟ್ಟಲೆ ಓಡಾಡಿದ ಮೇಲೆ 60,000 ಡಾಲರಿನ ರಾಜಿಯೊಂದು ಕುದುರಿತು; ಕೊನೆಯ ಗಳಿಗೆಯಲ್ಲಿ ಪ್ರಕಾಶನ ಕಂಪನಿ ಸಹಿ ಹಾಕಲು ನಿರಾಕರಿಸಿತು. 1974ರಲ್ಲಿ ಕ್ರೂಡಪ್ ಬಡವನಾಗಿಯೇ ಸತ್ತ.

ಬಿಗ್ ಮಾಮಾ ಥಾರ್ನ್‌ಟನ್ ಎಂಬ ಕಪ್ಪು ಗಾಯಕಿಯ ಕಥೆಯೂ ಹೀಗೆಯೇ. ‘ಹೌಂಡ್ ಡಾಗ್’ ಹಾಡನ್ನು ಪ್ರೀಸ್ಲಿಗಿಂತ ಮೊದಲು, 1952ರಲ್ಲಿ, ಹಾಡಿದವಳು ಆಕೆ. ತನಗೆ ಸಿಕ್ಕದ್ದು 500 ಡಾಲರಿನ ಒಂದೇ ಚೆಕ್ಕು ಎಂದು ಆಕೆ ಹೇಳುತ್ತಿದ್ದಳು. ಓಟಿಸ್ ಬ್ಲ್ಯಾಕ್‌ವೆಲ್ ಎಂಬ ಕಪ್ಪು ಕವಿ ‘ಡೋಂಟ್ ಬಿ ಕ್ರೂಯಲ್’ ಬರೆದ. ಪ್ರೀಸ್ಲಿ ಹಾಡಬೇಕಾದರೆ ಕರ್ತೃವಿನ ಹಕ್ಕಿನಲ್ಲಿ ಅರ್ಧ ಬಿಟ್ಟುಕೊಡತಕ್ಕದ್ದೆಂಬ ಷರತ್ತು ಬಂತು. ಒಂದಕ್ಷರವನ್ನೂ ಬರೆಯದ ಪ್ರೀಸ್ಲಿಯ ಹೆಸರು ಕವಿಯ ಪಕ್ಕದಲ್ಲಿ ಅಚ್ಚಾಯಿತು. ಹೊಲಿಗೆ ಕೆಲಸದವಳ ಮಗ ಇದಕ್ಕೆ ಒಪ್ಪಿಕೊಂಡ ಎಂಬುದನ್ನು ಆತನ ಅಭಿಮಾನಿಗಳು ನುಂಗಿಕೊಳ್ಳಬೇಕು. ಮೇಸ್ತ್ರಿಯಾದ ಕೂಡಲೇ ನಿನ್ನೆಯ ಜೊತೆಗಾರನ ಹಾಜರಿ ಕತ್ತರಿಸುವವರನ್ನು ನಾವು ನೋಡಿಲ್ಲವೇ?

ಇನ್ನು ಆತನ ಜೇಬಿನಲ್ಲಿದ್ದ ಕೈ. ‘ಕರ್ನಲ್’ ಟಾಮ್ ಪಾರ್ಕರ್! ಈ ಕರ್ನಲ್ ಸಾಹೇಬರು ಯಾವ ಪಡೆಯನ್ನೂ ನಡೆಸಿದವರಲ್ಲ. ಆ ಬಿರುದು 1948ರಲ್ಲಿ ಲೂಸಿಯಾನದ ರಾಜ್ಯಪಾಲ ದಯಪಾಲಿಸಿದ್ದು. ಟಾಮ್ ಪಾರ್ಕರ್ ಎಂಬ ಹೆಸರೂ ಹುಟ್ಟಿನದಲ್ಲ. ಹಾಲೆಂಡಿನ ಬ್ರೇಡಾ ಊರಿನಲ್ಲಿ ಹುಟ್ಟಿ, ಕಾಗದಪತ್ರವಿಲ್ಲದೆ ಅಮೆರಿಕಕ್ಕೆ ನುಗ್ಗಿ, ಜಾತ್ರೆಯ ಆಟದ ಕಂಪನಿಗಳಲ್ಲಿ ಪಳಗಿದ ವ್ಯಾಪಾರಿ ಈತ. ಪ್ರೀಸ್ಲಿಯನ್ನು ಪ್ರೀತಿಸುವವರಿಗೆ ಒಂದು ಬಿಲ್ಲೆ ಮಾರಿದ, ದ್ವೇಷಿಸುವವರಿಗೆ ‘ನಾನು ಎಲ್ವಿಸ್‌ನನ್ನು ದ್ವೇಷಿಸುತ್ತೇನೆ’ ಎಂಬ ಇನ್ನೊಂದು ಬಿಲ್ಲೆ ಮಾರಿದ. ಸೊಂಟ ನೋಡಿ ಶಪಿಸಿದ ಮರ್ಯಾದಸ್ಥರ ಸಿಟ್ಟೂ ಹೀಗೆ ಕರ್ನಲ್ ಸಾಹೇಬರ ಗಲ್ಲಾಪೆಟ್ಟಿಗೆಗೇ ಬಂದು ಬಿತ್ತು!

ಮಂಡಿ ವ್ಯಾಪಾರ ಬಲ್ಲ ಓದುಗರಿಗೆ ಕಮಿಷನ್ ಅಂದರೇನೆಂದು ಹೇಳಬೇಕಾಗಿಲ್ಲ. ನೂರಕ್ಕೆ ಎರಡೋ ಮೂರೋ ಹಿಡಿದರೆ ರೈತ ಗೊಣಗುತ್ತಾನೆ. ಪಾರ್ಕರ್ ಮೊದಲು ನೂರಕ್ಕೆ 25 ಹಿಡಿದ. 1967ರ ಒಪ್ಪಂದದಿಂದ ಹಲವು ಬಾಬುಗಳಲ್ಲಿ ನೂರಕ್ಕೆ 50! ಕಟ್ಟಕಡೆಗೆ 1973ರ ಮಾರ್ಚಿನಲ್ಲಿ ಬೀಜದ ಕಾಳನ್ನೇ ಮಾರಿದರು. ಅಲ್ಲಿಯವರೆಗೆ ಪ್ರೀಸ್ಲಿ ಹಾಡಿದ್ದೆಲ್ಲದರ ರಾಯಲ್ಟಿಯ ಹಕ್ಕನ್ನು 54 ಲಕ್ಷ ಡಾಲರಿಗೆ ಆರ್.ಸಿ.ಎ. ಕಂಪನಿ ಕಾಯಂ ಆಗಿ ಕೊಂಡಿತು. ಅರ್ಧ ಪಾರ್ಕರನಿಗೆ. ಉಳಿದರ್ಧದಲ್ಲಿ ದೊಡ್ಡ ಪಾಲು ತೆರಿಗೆಗೆ. ಇಪ್ಪತ್ತು ವರ್ಷದ ಗಂಟಲ ದುಡಿಮೆ ಹೀಗೆ ಒಂದೇ ಸಹಿಯಲ್ಲಿ ಕೈಬಿಟ್ಟಿತು. ಆ ಹಳೆಯ ರಿಕಾರ್ಡುಗಳು ಆಮೇಲೆ ಎಷ್ಟು ಮಾರಿದರೂ ಹಾಡಿದವನಿಗೆ ಅವುಗಳಿಂದ ರಾಯಲ್ಟಿ ಇಲ್ಲ.

“ಅಯ್ಯಾ, ಬಂಗಲೆ ಕಟ್ಟಿದವನು, ಕ್ಯಾಡಿಲಾಕ್ ಕಾರುಗಳನ್ನು ಹಂಚಿದವನು, ಅವನಿಗಾಗಿ ಗಿರಣಿಯ ಕೂಲಿಕಾರ ಏಕೆ ಅಳಬೇಕು?” ಎಂದು ಕೇಳುವವರುಂಟು. ಅಳಬೇಡಿ. ಆತನ ಪಾಳಿಗಳನ್ನು ಎಣಿಸಿ. 1956ರಿಂದ 1969ರೊಳಗೆ 31 ಸಿನಿಮಾ, ಬಹುಪಾಲು ಒಂದೇ ಅಚ್ಚಿನವು. 1969ರಲ್ಲಿ ಲಾಸ್ ವೇಗಾಸ್ ಹೋಟೆಲಿನಲ್ಲಿ ನಾಲ್ಕು ವಾರಕ್ಕೆ 57 ಪ್ರದರ್ಶನ, ಅಂದರೆ ರಾತ್ರಿಗೆ ಎರಡು ಪಾಳಿ. 1976ರೊಳಗೆ ಅದೇ ಊರಿನಲ್ಲಿ 600ಕ್ಕೂ ಹೆಚ್ಚು. ಆ ಊರಿನ ಜೂಜಿನ ಮೇಜುಗಳಲ್ಲಿ ಪಾರ್ಕರ್ ಅಪಾರ ಹಣ ಸೋಲುತ್ತಿದ್ದ. ಯೂರೋಪು, ಜಪಾನುಗಳಲ್ಲಿ ಜನ ಕಾದಿದ್ದರು. 1957ರಲ್ಲಿ ಕೆನಡಾದ ಮೂರು ಊರುಗಳನ್ನು ಬಿಟ್ಟರೆ ಆತ ಹೊರದೇಶದಲ್ಲಿ ಹಾಡಲೇ ಇಲ್ಲ. ಪಾಸ್‌ಪೋರ್ಟ್ ಇಲ್ಲದ ಕರ್ನಲ್ ಸಾಹೇಬರು ಗಡಿ ದಾಟಲು ಅಂಜಿದರೆಂಬುದೇ ಬಲವಾದ ಕಾರಣವೆನ್ನುತ್ತಾರೆ. ನಿದ್ದೆಗೊಂದು, ಎಚ್ಚರಕ್ಕೊಂದು, ನೋವಿಗೊಂದು ಗುಳಿಗೆ ನುಂಗಿ ಯಂತ್ರ ಓಡಿತು. 1977ರ ಮೊದಲ ಎಂಟು ತಿಂಗಳಿನಲ್ಲಿ ವೈದ್ಯರು ಆತನ ಹೆಸರಿಗೆ ಬರೆದುಕೊಟ್ಟ ಔಷಧಿ 10,000 ಡೋಸಿಗೂ ಹೆಚ್ಚು. ಆಗಸ್ಟ್ 16ರಂದು ಸತ್ತಾಗ ವಯಸ್ಸು 42. ಮರುದಿನವೇ ಮತ್ತೊಂದು ಊರಿನಲ್ಲಿ ಪ್ರದರ್ಶನ ಗೊತ್ತಾಗಿತ್ತು.

ಆತನ ಮಗಳ ಹಿತಕ್ಕಾಗಿ ನ್ಯಾಯಾಲಯ ನೇಮಿಸಿದ ವಕೀಲ ಕಡತಗಳನ್ನು ಬಿಚ್ಚಿದಾಗ ಪಾರ್ಕರನ ಕಮಿಷನ್ನಿನ ಲೆಕ್ಕವೆಲ್ಲ ಹೊರಬಿತ್ತು. ಪಾರ್ಕರನಿಗೆ ಇನ್ನು ಹಣ ಕೊಡಕೂಡದೆಂದೂ ದಾವೆ ಹೂಡಬೇಕೆಂದೂ 1981ರಲ್ಲಿ ಅಪ್ಪಣೆಯಾಯಿತು. ಪಾರ್ಕರ್ ಮಾಡಿದ್ದೇನು? ತಾನು ಯಾವ ದೇಶದ ಪ್ರಜೆಯೂ ಅಲ್ಲ, ಆದ್ದರಿಂದ ದಾವೆ ನಿಲ್ಲುವುದಿಲ್ಲ ಎಂದು ವಾದಿಸಿದ! ಕೊನೆಗೆ ರಾಜಿಯಾಯಿತು. ಒಂದು ದಿನದ ಜೈಲೂ ಇಲ್ಲದೆ 1997ರವರೆಗೆ ಬದುಕಿ ಲಾಸ್ ವೇಗಾಸ್‌ನಲ್ಲೇ ಸತ್ತ. ನಾಲ್ಕು ಡಾಲರಿನ ಚೆಕ್ಕು ಈಗ ನೆನಪಾಗಲಿ.

ಸತ್ತವನ ಹೆಸರಿಗೆ ಮಾತ್ರ ಕಾನೂನು ಬಹು ಬೇಗ ಎಚ್ಚೆತ್ತಿತು. ಮನೆಯನ್ನು 1982ರಲ್ಲಿ ಟಿಕೆಟ್ಟಿಟ್ಟು ತೆರೆದರು. 1984ರಲ್ಲಿ ಟೆನೆಸ್ಸೀ ಶಾಸನಸಭೆ ಸತ್ತವರ ಹೆಸರೂ ಚಿತ್ರವೂ ವಾರಸುದಾರರ ಆಸ್ತಿಯೆಂದು ಕಾಯಿದೆ ಮಾಡಿತು. ಎಲ್ವಿಸ್‌ನ ಮುಖವಿರುವ ಬಟ್ಟಲನ್ನು ಕೇಳದೆ ಮಾರಿದರೆ ಅಪರಾಧ; ಕ್ರೂಡಪ್‌ನ ಹಾಡನ್ನು ಕಾಸು ಕೊಡದೆ ಇಪ್ಪತ್ತು ವರ್ಷ ಮಾರಿದ್ದು ವ್ಯಾಪಾರ! 2005ರಲ್ಲಿ ಆ ಆಸ್ತಿಯ ನೂರಕ್ಕೆ 85 ಪಾಲು ಕಂಪನಿಯೊಂದಕ್ಕೆ ಮಾರಾಟವಾಯಿತು, 2013ರಲ್ಲಿ ಇನ್ನೊಂದರ ಕೈಗೆ ದಾಟಿತು.

ಹಾಗಾದರೆ ಕಾನೂನು ಕೂಲಿಕಾರನ ಕಡೆಗೆ ತಿರುಗುವುದೇ ಇಲ್ಲವೆ? ತಿರುಗಿಸಿದರೆ ತಿರುಗುತ್ತದೆ. ನಮ್ಮ ದೇಶದ ಸಿನಿಮಾ ಹಾಡುಗಳಲ್ಲೂ ಕವಿ ಮತ್ತು ಸಂಗೀತಗಾರರಿಂದ ಒಂದೇ ಸಹಿಯಲ್ಲಿ ಎಲ್ಲವನ್ನೂ ಬರೆಸಿಕೊಳ್ಳುವ ಪದ್ಧತಿ ದಶಕಗಟ್ಟಲೆ ನಡೆಯಿತು. ನಿರ್ಮಾಪಕರೂ ರಿಕಾರ್ಡು ಕಂಪನಿಗಳೂ ವಿರೋಧಿಸಿದರೂ 2012ರಲ್ಲಿ ಪಾರ್ಲಿಮೆಂಟು ಕೃತಿಸ್ವಾಮ್ಯ ಕಾಯಿದೆಯನ್ನು ತಿದ್ದಿತು. ಈಗ ಚಿತ್ರಗೀತೆಯ ಕವಿಯೂ ಸಂಗೀತಗಾರನೂ ಸಿನಿಮಾ ಮಂದಿರದ ಆಚೆಗಿನ ಬಳಕೆಯಲ್ಲಿ ತಮ್ಮ ರಾಯಲ್ಟಿಯ ಸಮಪಾಲನ್ನು ಕಂಪನಿಗೆ ಬರೆದುಕೊಡುತ್ತೇನೆಂದರೂ ಬರೆದುಕೊಡಲಾಗದು. ಅಂಥ ಕರಾರು ಅಸಿಂಧು. ಕರಾರು ಲಿಖಿತವಾಗಿರಬೇಕು, ಸಹಿ ಇರಬೇಕು, ಹಣ ಎಷ್ಟೆಂದು ಬರೆದಿರಬೇಕು. ಹಾಡುವವರಿಗೂ ಈ ಕರಾರಿನ ನಿಯಮ ಅನ್ವಯಿಸುತ್ತದೆ. ನಿಮ್ಮ ಓಣಿಯಲ್ಲಿ ಭಜನೆಯನ್ನೋ ಜಾನಪದವನ್ನೋ ಹಾಡುವ ಅಣ್ಣ ಅಕ್ಕಂದಿರ ಬಳಿಗೆ ರಿಕಾರ್ಡು ಮಾಡಿಕೊಳ್ಳುತ್ತೇವೆಂದು ಯಾರಾದರೂ ಬಂದರೆ ಇದನ್ನು ಅವರ ಕಿವಿಗೆ ಹಾಕಿರಿ. ಎಷ್ಟು ವರ್ಷಕ್ಕೆ ಎಂದು ಕಾಗದದಲ್ಲಿ ಬರೆಯದಿದ್ದರೆ, ಐದೇ ವರ್ಷಕ್ಕೆ ಎಂದು ಕಾಯಿದೆಯ 19ನೆಯ ಕಲಮು ಹೇಳುತ್ತದೆ.