ಸಮಗ್ರ ಅರ್ಥಶಾಸ್ತ್ರ ಪತ್ರಿಕೆಯ ಪರಿಷ್ಕರಣೆ ಕೋರಿ ಮನವಿ

ಇವರಿಗೆ,
ಅಧ್ಯಕ್ಷರು ಮತ್ತು ಸದಸ್ಯರು,
ಅರ್ಥಶಾಸ್ತ್ರ ಅಧ್ಯಯನ ಮಂಡಳಿ (ಸ್ನಾತಕ)

ಇವರಿಂದ,
ಬಿ.ಎ. ಎರಡನೇ ವರ್ಷದ ಕನ್ನಡ ಮಾಧ್ಯಮದ ಅರ್ಥಶಾಸ್ತ್ರ ವಿದ್ಯಾರ್ಥಿಗಳು

ವಿಷಯ: ಸಮಗ್ರ ಅರ್ಥಶಾಸ್ತ್ರದ ಪಠ್ಯಕ್ರಮ, ಪ್ರಶ್ನೆಪತ್ರಿಕೆ ಹಾಗೂ ಪಠ್ಯಪುಸ್ತಕದ ಕುರಿತು.

ಮಾನ್ಯರೆ,

ಈ ವಿಷಯದಲ್ಲಿ ನಾವು ಪಾಸಾಗುತ್ತಿದ್ದೇವೆ, ಒಳ್ಳೆಯ ಅಂಕವನ್ನೂ ತೆಗೆಯುತ್ತಿದ್ದೇವೆ. ಆದರೆ ರಿಸರ್ವ್ ಬ್ಯಾಂಕ್ ರೆಪೊ ದರ ಏರಿಸಿತು ಎಂಬ ಸುದ್ದಿ ಬಂದಾಗ, ಅದು ಮನೆ ಸಾಲದ ಕಂತಿಗೂ ಅಂಗಡಿಯ ಬೆಲೆಗೂ ಹೇಗೆ ತಟ್ಟುತ್ತದೆ ಎಂದು ಬಿಡಿಸಿ ಹೇಳಲು ನಮ್ಮಿಂದ ಆಗುತ್ತಿಲ್ಲ. ಈ ಮನವಿಗೆ ಅದೇ ಕಾರಣ.

1937ರಲ್ಲಿ ಜಾನ್ ಹಿಕ್ಸ್ ರೂಪಿಸಿದ ಐಎಸ್–ಎಲ್‌ಎಂ ಮಾದರಿ ನಮ್ಮ ಪಠ್ಯದ ಬೆನ್ನೆಲುಬು. ಅದನ್ನು ಕೈಬಿಡಿ ಎಂದು ನಾವು ಕೇಳುತ್ತಿಲ್ಲ. ಆದರೆ ನಾವು ಓದುವ ರೂಪದಲ್ಲಿ ಕೇಂದ್ರ ಬ್ಯಾಂಕು ಹಣದ ಪೂರೈಕೆಯನ್ನು ನಿಗದಿ ಮಾಡುತ್ತದೆ, ಬಡ್ಡಿದರ ಮಾರುಕಟ್ಟೆಯಲ್ಲಿ ತೀರ್ಮಾನವಾಗುತ್ತದೆ. ನಮ್ಮ ದೇಶದಲ್ಲಿ ಈಗ ನಡೆಯುವುದು ಇದಕ್ಕೆ ತಿರುವುಮುರುವು. 2016ರ ರಿಸರ್ವ್ ಬ್ಯಾಂಕ್ ಕಾಯ್ದೆ ತಿದ್ದುಪಡಿಯ ನಂತರ ಆರು ಸದಸ್ಯರ ಹಣಕಾಸು ನೀತಿ ಸಮಿತಿ ರೆಪೊ ದರವನ್ನೇ ನಿಗದಿ ಮಾಡುತ್ತದೆ. ಹಣದುಬ್ಬರ ಶೇ 4ರಲ್ಲಿರಬೇಕು, ಹೆಚ್ಚೆಂದರೆ ಎರಡು ಶೇಕಡಾಂಶ ಆಚೀಚೆ ಆಗಬಹುದು ಎಂಬುದು ಗುರಿ. 2022ರಲ್ಲಿ ಹಣದುಬ್ಬರ ಸತತ ಮೂರು ತ್ರೈಮಾಸಿಕ ಶೇ 6ನ್ನು ಮೀರಿದ್ದರಿಂದ ರಿಸರ್ವ್ ಬ್ಯಾಂಕು ಸರ್ಕಾರಕ್ಕೆ ಕಾರಣ ತಿಳಿಸಿ ವರದಿ ಕೊಡಬೇಕಾಯಿತು. ಆ ವರ್ಷದ ಮೇ ಆರಂಭದಲ್ಲಿ ಶೇ 4 ಇದ್ದ ರೆಪೊ ದರ 2023ರ ಫೆಬ್ರುವರಿಗೆ 6.5 ಮುಟ್ಟಿತು. ಯುಕ್ರೇನ್ ಯುದ್ಧದಿಂದ ಅಡುಗೆ ಎಣ್ಣೆ ತುಟ್ಟಿಯಾದರೆ ಇಲ್ಲಿ ಬಡ್ಡಿ ಏರಿಸಿ ಏನು ಪ್ರಯೋಜನ? ವಾರವಿಡೀ ಚರ್ಚಿಸಬಹುದಾದ ಪ್ರಶ್ನೆಯಿದು. ಸಮಗ್ರ ಪೂರೈಕೆ, ಫಿಲಿಪ್ಸ್ ರೇಖೆ, ಬೆಲೆಗಳ ಬಗ್ಗೆ ಜನರ ನಿರೀಕ್ಷೆ ಎಲ್ಲವೂ ಅದರೊಳಗೇ ಇವೆ. ಹಣದುಬ್ಬರ ಗುರಿ ನೀತಿಯನ್ನು ಒಂದು ಪೂರ್ಣ ಘಟಕವಾಗಿ ಪಠ್ಯಕ್ರಮಕ್ಕೆ ಸೇರಿಸಬೇಕು.

ಪ್ರಶ್ನೆಪತ್ರಿಕೆಯೂ ಬದಲಾಗಬೇಕು. ‘ಗುಣಕವನ್ನು ರೇಖಾಚಿತ್ರದೊಂದಿಗೆ ವಿವರಿಸಿ’ ಎಂದರೆ ಗೈಡಿನ ಎರಡು ಪುಟ ಬಾಯಿಪಾಠ ಮಾಡಿದವರು ಗೆದ್ದರು. ಅದರ ಬದಲು ಹೀಗೆ ಕೇಳಿ: ಸೀಮಾಂತ ಅನುಭೋಗ ಪ್ರವೃತ್ತಿ 0.8 ಇದ್ದರೆ ಗುಣಕ 5. ಆದಾಯದ ಮೇಲೆ ಶೇ 25 ತೆರಿಗೆ ಹಾಕಿದರೆ 2.5, ಹೆಚ್ಚಾದ ಪ್ರತಿ ರೂಪಾಯಿ ಆದಾಯದಲ್ಲಿ ಹತ್ತು ಪೈಸೆ ಆಮದಿಗೆ ಹೋದರೆ 2. ಸರ್ಕಾರ ಖರ್ಚು ಮಾಡಿದ ಹಣದ ಬಲ ಎಲ್ಲೆಲ್ಲಿ ಸೋರಿತು? ಇದಕ್ಕೆ ಹೈಸ್ಕೂಲಿನ ಲೆಕ್ಕ ಸಾಕು, ಆದರೆ ಯೋಚಿಸದೆ ಉತ್ತರ ಬರೆಯಲಾಗದು. ಕನಿಷ್ಠ ಮೂರನೇ ಒಂದು ಭಾಗದ ಅಂಕ ಇಂಥ ಪ್ರಶ್ನೆಗಳಿಗೆ ಮೀಸಲಾಗಲಿ, ಇವನ್ನು ಬಿಡಿಸುವ ಅಭ್ಯಾಸಕ್ಕೆ ವಾರಕ್ಕೊಂದು ತರಗತಿ ಇರಲಿ.

ಆಂತರಿಕ ಮೌಲ್ಯಮಾಪನಕ್ಕೆ ಒಬ್ಬರದನ್ನೊಬ್ಬರು ನೋಡಿ ಬರೆಯುವ ಅಸೈನ್‌ಮೆಂಟ್ ಸಾಕು ಮಾಡಿ, ರಾಜ್ಯ ಬಜೆಟ್ ಓದಿಸಿ. ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು 2002ರಲ್ಲಿ, ದೇಶದಲ್ಲೇ ಮೊದಲು, ಅಂಗೀಕರಿಸಿದ ರಾಜ್ಯ ನಮ್ಮದು. ರಾಜಸ್ವ ಕೊರತೆಗೂ ವಿತ್ತೀಯ ಕೊರತೆಗೂ ಇರುವ ವ್ಯತ್ಯಾಸವನ್ನು ನಮ್ಮದೇ ರಾಜ್ಯದ ಅಂಕಿಗಳಲ್ಲಿ ಹುಡುಕಿ ತೆಗೆದವರು ಅದನ್ನು ಮರೆಯುವುದಿಲ್ಲ.

ಕೊನೆಯದಾಗಿ ಪುಸ್ತಕದ ಮಾತು. ಈ ಹಂತಕ್ಕೆ ತಕ್ಕ, ಲೆಕ್ಕಗಳೂ ಇತ್ತೀಚಿನ ಅಂಕಿಅಂಶಗಳೂ ಇರುವ ಕನ್ನಡ ಪಠ್ಯ ನಮ್ಮ ಗ್ರಂಥಾಲಯದಲ್ಲಿಲ್ಲ. ಭಾರತದ ರಾಷ್ಟ್ರೀಯ ಆದಾಯವನ್ನು ಲೆಕ್ಕಹಾಕಿದ ಮೊದಲಿಗರಲ್ಲಿ ಒಬ್ಬರಾದ ವಿ.ಕೆ.ಆರ್.ವಿ. ರಾವ್ ಅವರು ಬೆಂಗಳೂರಿನಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯಂಥ ಕಡೆಯ ವಿದ್ವಾಂಸರ ನೆರವು ಪಡೆದು ಮಂಡಳಿಯೇ ಇದನ್ನು ಬರೆಸಬೇಕು.

ಈ ಬೇಡಿಕೆಗಳನ್ನು ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಸಿ, ನಮ್ಮ ಪ್ರತಿನಿಧಿಗಳ ಅಹವಾಲು ಕೇಳಿ, ನಿರ್ಣಯವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ. ಬದಲಾವಣೆ ನಮ್ಮ ಬ್ಯಾಚಿಗೆ ದಕ್ಕದಿದ್ದರೂ ಮುಂದಿನ ವರ್ಷ ಬರುವವರಿಗೆ ದಕ್ಕಲಿ.


ತಮ್ಮ ವಿಶ್ವಾಸಿಗಳು
(ವಿದ್ಯಾರ್ಥಿಗಳ ಸಹಿಗಳು)